ಹೆಬ್ಬೆರಳಿನ ಅಡಿಯ ಗುರುತು: ಓದಲು ಹಿಂಜರಿಯುವ ಮಕ್ಕಳಿಗಾಗಿ ತಂದ ಒಂದು ಪುಸ್ತಕಮಾಲೆಯ ಪ್ರಕರಣ

ಹಿನ್ನೆಲೆ

ಮಕ್ಕಳ ಪುಸ್ತಕಗಳನ್ನು ಹೊರತರುವ ಒಂದು ಸಣ್ಣ ಪ್ರಕಾಶನ ಸಂಸ್ಥೆಯು, ಓದಿನಲ್ಲಿ ಹಿಂದೆ ಬಿದ್ದ 10ರಿಂದ 14 ವರ್ಷದ ಮಕ್ಕಳಿಗಾಗಿ ಕಥೆಪುಸ್ತಕಗಳ ಮಾಲೆಯೊಂದನ್ನು ರೂಪಿಸಿದ ಪ್ರಕರಣವಿದು. ಆ ಮಾಲೆಯ ಸಂಪಾದಕಿಯಾಗಿ ಮೊದಲ ಹಸ್ತಪ್ರತಿಯಿಂದ ಎರಡನೆಯ ಮುದ್ರಣದವರೆಗೆ ನಾನು ಜೊತೆಗಿದ್ದೆ. ಸಂಸ್ಥೆ, ಶಾಲೆ, ಲೇಖಕರು ಮತ್ತು ಮಕ್ಕಳು ಯಾರೆಂದು ತಿಳಿಯದಂತೆ ಹೆಸರುಗಳನ್ನೆಲ್ಲ ಬಿಟ್ಟಿದ್ದೇನೆ. ಕಥೆಗಳಿಂದ ವಾಕ್ಯಗಳನ್ನು ಎತ್ತಿಕೊಳ್ಳುವಲ್ಲಿಯೂ ಸನ್ನಿವೇಶವನ್ನು ಬದಲಿಸಿದ್ದೇನೆ. ವಾಕ್ಯದ ಕಟ್ಟು ಮಾತ್ರ ಮೂಲದಲ್ಲಿದ್ದಂತೆಯೇ ಇದೆ.

ಸಂಸ್ಥೆಯ ಪಟ್ಟಿಯಲ್ಲಿ ಒಂದು ಕಡೆ ಪುಟಾಣಿಗಳ ಚಿತ್ರಪುಸ್ತಕಗಳಿದ್ದವು, ಇನ್ನೊಂದು ಕಡೆ ಚೆನ್ನಾಗಿ ಓದಬಲ್ಲವರ ಕಾದಂಬರಿಗಳಿದ್ದವು. ನಡುವೆ ಏನೂ ಇರಲಿಲ್ಲ. ಆ ಖಾಲಿ ಜಾಗವನ್ನು ನಮಗೆ ತೋರಿಸಿಕೊಟ್ಟವರು ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಶಿಕ್ಷಕಿ. ಆರನೆಯ ತರಗತಿಯ ಕೆಲವು ಮಕ್ಕಳು ಪ್ರತಿ ವಾರವೂ ಚಿತ್ರಪುಸ್ತಕ ಕೇಳಿ ಪಡೆಯುತ್ತಾರೆ, ಕೇಳುವಾಗ ತಪ್ಪದೆ 'ಇದು ನನಗಲ್ಲ ಮಿಸ್, ನನ್ನ ತಮ್ಮನಿಗೆ' ಎನ್ನುತ್ತಾರೆ, ಆಮೇಲೆ ಕಪಾಟಿನ ಹಿಂದೆ ಕುಳಿತು ಅದನ್ನು ತಾವೇ ಓದುತ್ತಾರೆ ಎಂದು ಅವರು ಬರೆದಿದ್ದರು. ಆ ಮಕ್ಕಳಲ್ಲಿ ಒಬ್ಬನಿಗೆ ತಮ್ಮನೇ ಇರಲಿಲ್ಲ. ಆ ಪತ್ರವನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ. ಓದುವ ಆಸೆ ಆ ಮಕ್ಕಳಲ್ಲಿ ಸತ್ತಿರಲಿಲ್ಲ, ಅದನ್ನು ಮರೆಮಾಡಿಕೊಳ್ಳಬೇಕಾದ ಸ್ಥಿತಿಗೆ ಅವರು ಬಂದಿದ್ದರು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಸಮಸ್ಯೆ

ಓದಲು ಆಗದ ಮಗು ಮತ್ತು ಓದಲು ಒಲ್ಲದ ಮಗು ಎಂದು ಎರಡು ಬಗೆ ಮಾಡುವುದು ರೂಢಿ. ಏಳೆಂಟು ವರ್ಷದವರಲ್ಲಿ ಈ ಭೇದ ಸ್ಪಷ್ಟವಾಗಿಯೇ ಇರುತ್ತದೆ. ಹನ್ನೆರಡರ ಹೊತ್ತಿಗೆ ಅದು ಅಳಿಸಿಹೋಗುತ್ತದೆ, ಏಕೆಂದರೆ ಓದು ಕಷ್ಟವಾದದ್ದರಿಂದ ಮಗು ಓದನ್ನು ತಪ್ಪಿಸಿಕೊಳ್ಳುತ್ತದೆ, ತಪ್ಪಿಸಿಕೊಂಡದ್ದರಿಂದ ಅಭ್ಯಾಸ ತಪ್ಪುತ್ತದೆ, ಅಭ್ಯಾಸ ತಪ್ಪಿದ್ದರಿಂದ ಓದು ಇನ್ನಷ್ಟು ಕಷ್ಟವಾಗುತ್ತದೆ. ಮನೋವಿಜ್ಞಾನಿ ಕೀತ್ ಸ್ಟಾನೊವಿಚ್ 1986ರಲ್ಲಿ ಇದನ್ನು 'ಮ್ಯಾಥ್ಯೂ ಪರಿಣಾಮ' ಎಂದು ಕರೆದರು: ಓದಬಲ್ಲವರು ಹೆಚ್ಚು ಓದಿ ಮುಂದೆ ಹೋಗುತ್ತಾರೆ, ಓದಲಾರದವರು ಕಡಿಮೆ ಓದಿ ಹಿಂದೆ ಬೀಳುತ್ತಾರೆ, ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿದೆ. ವ್ಯಂಜನಗಳ ಕಾಗುಣಿತ ರೂಪಗಳೇ 400ನ್ನು ದಾಟುತ್ತವೆ, ಅದರ ಮೇಲೆ ಒತ್ತಕ್ಷರಗಳು. ಕನ್ನಡದ ಮಕ್ಕಳು ಅಕ್ಷರ ಕಲಿಯುವ ಗತಿಯನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಕಲಿಕೆ ಮೊದಲೆರಡು ತರಗತಿಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಚಾಚಿಕೊಳ್ಳುತ್ತದೆ ಎಂದು ತೋರಿಸಿತ್ತು. ಪಠ್ಯಪುಸ್ತಕಗಳು ಅಷ್ಟು ಕಾಯುವುದಿಲ್ಲ. ಅಕ್ಷರದ ಜೊತೆ ಇನ್ನೂ ಹೆಣಗುತ್ತಿರುವ ಮಗುವಿನ ಮುಂದೆ ವಿಜ್ಞಾನ, ಸಮಾಜ ಪಾಠಗಳ ಉದ್ದುದ್ದ ಪುಟಗಳು ಬಂದು ನಿಲ್ಲುತ್ತವೆ.

ಈ ಮಕ್ಕಳಿಗೆ ಕಿವಿಯಿಂದ ಕೇಳಿದ ಕಥೆ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು. ದೊಡ್ಡವರ ಕಾದಂಬರಿಯ ಒಂದು ಅಧ್ಯಾಯವನ್ನೇ ನಾನು ಗಟ್ಟಿಯಾಗಿ ಓದಿ ಹೇಳಿದಾಗ, ಕಳ್ಳ ಯಾರಿರಬಹುದು ಎಂದು ಅವರು ಪಟ್ಟುಹಿಡಿದು ವಾದಿಸಿದರು. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಮುಂದಿಟ್ಟ ಸರಳ ಸೂತ್ರದಂತೆ, ಓದಿನ ಗ್ರಹಿಕೆಯೆಂದರೆ ಲಿಪಿಯನ್ನು ಬಿಡಿಸುವ ಶಕ್ತಿ ಮತ್ತು ಭಾಷೆಯನ್ನು ಅರಿಯುವ ಶಕ್ತಿ ಇವೆರಡರ ಗುಣಲಬ್ಧ. ನಮ್ಮ ಓದುಗರಲ್ಲಿ ಎರಡನೆಯದು ವಯಸ್ಸಿಗೆ ತಕ್ಕಂತೆಯೇ ಬೆಳೆದಿತ್ತು, ಮೊದಲನೆಯದು ಸೊರಗಿತ್ತು. ಹಾಗಾಗಿ ಹನ್ನೆರಡು ವರ್ಷದ ಮನಸ್ಸು ಒಪ್ಪುವ ಕಥೆಯನ್ನು ಎಂಟು ವರ್ಷದ ಕಣ್ಣು ಓದಬಲ್ಲ ರೀತಿಯಲ್ಲಿ ಕೊಡಬೇಕಿತ್ತು. ಇಂಗ್ಲಿಷ್ ಪ್ರಕಾಶನದಲ್ಲಿ ಇಂಥವನ್ನು 'ಹೈ-ಲೋ' ಪುಸ್ತಕಗಳೆನ್ನುತ್ತಾರೆ, ಅಂದರೆ ಆಸಕ್ತಿ ಎತ್ತರದ್ದು, ಓದಿನ ಮಟ್ಟ ತಗ್ಗಿನದು. 1998ರಲ್ಲಿ ಎಡಿನ್‌ಬರೋದಲ್ಲಿ ಆರಂಭವಾದ ಬ್ಯಾರಿಂಗ್‌ಟನ್ ಸ್ಟೋಕ್ ಎಂಬ ಪ್ರಕಾಶನವು, ಹೆಸರಾಂತ ಮಕ್ಕಳ ಸಾಹಿತಿಗಳಿಂದ ಬರೆಸಿ, ತಿಳಿ ಕೆನೆಬಣ್ಣದ ಕಾಗದದ ಮೇಲೆ ಅಚ್ಚು ಹಾಕಿ, ಇದೊಂದೇ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡು ಬಂದಿದೆ. ಅವರ ದಾರಿ ನಮ್ಮ ಕಣ್ಣ ಮುಂದಿತ್ತು, ಆದರೆ ಅವರ ಲಿಪಿ ಬೇರೆ, ನಮ್ಮ ಲಿಪಿ ಬೇರೆ.

ಮೊದಲ ಎರಡು ಯತ್ನಗಳು

ಮೊದಲನೆಯದನ್ನು ಹೆಚ್ಚು ವಿವರಿಸಬೇಕಿಲ್ಲ. ಎರಡನೆಯ ತರಗತಿಯ ಮಟ್ಟದ ನಮ್ಮ ಹಳೆಯ ಕಥೆಗಳಿಗೆ ಹೊಸ ಮುಖಪುಟ ಹಾಕಿ ಕೊಟ್ಟೆವು. ಮಾತನಾಡುವ ಮೊಲವನ್ನು ಕಂಡ ಕೂಡಲೇ ಮಕ್ಕಳು ಪುಸ್ತಕ ಮುಚ್ಚಿದರು.

ಎರಡನೆಯ ಯತ್ನಕ್ಕೆ ಮೂವರು ಲೇಖಕರಿಂದ ಹೊಸ ಕಥೆಗಳನ್ನೇ ಬರೆಸಿದೆವು. ಒಂದು ನಾಪತ್ತೆಯಾದ ಗೆಳೆಯನ ಕಥೆ, ಒಂದು ದೆವ್ವದ ಕಥೆ, ಒಂದು ಸೋಲುತ್ತಲೇ ಇರುವ ತಂಡದ ಕಥೆ. ಕಥೆಗಳು ಚೆನ್ನಾಗಿದ್ದವು. ಆದರೆ ಶಿಕ್ಷಕರಿಗೆ ಆಯ್ದುಕೊಳ್ಳಲು ಸುಲಭವಾಗಲೆಂದು ಮುಖಪುಟದ ಬಲಗಡೆಯ ಕೆಳಮೂಲೆಯಲ್ಲಿ 'ಹಂತ 2' ಎಂದು ಒಂದು ದುಂಡನೆಯ ಗುರುತನ್ನೂ, ಹಿಂಬದಿಯಲ್ಲಿ 'ಓದಿನಲ್ಲಿ ಹಿಂದುಳಿದ ಮಕ್ಕಳಿಗಾಗಿ ವಿಶೇಷವಾಗಿ ರೂಪಿಸಿದ್ದು' ಎಂಬ ಸಾಲನ್ನೂ ಅಚ್ಚು ಹಾಕಿಸಿದೆವು. ಆ ಸಾಲನ್ನು ಬರೆದವಳು ನಾನೇ. ಒಳ್ಳೆಯ ಉದ್ದೇಶದಿಂದ ಬರೆದಿದ್ದೆ, ಆದರೆ ಅದನ್ನು ಮಗು ಓದುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಪರೀಕ್ಷಾರ್ಥವಾಗಿ ಕೆಲವೇ ಪ್ರತಿಗಳನ್ನು ಆ ಶಿಕ್ಷಕಿಯ ಗ್ರಂಥಾಲಯಕ್ಕೆ ಒಯ್ದೆವು. ಇಲ್ಲಿ 'ಮ' ಎಂದು ಕರೆಯುವ ಹನ್ನೆರಡು ವರ್ಷದ ಹುಡುಗ ದೆವ್ವದ ಕಥೆಯನ್ನು ಆರಿಸಿಕೊಂಡು ಕಿಟಕಿಯ ಬಳಿ ಕುಳಿತ. ಪುಸ್ತಕವನ್ನು ಅವನು ಹಿಡಿದ ರೀತಿ ವಿಚಿತ್ರವಾಗಿತ್ತು. ಬಲಗೈ ಹೆಬ್ಬೆರಳನ್ನು ಮುಖಪುಟದ ಕೆಳಮೂಲೆಯ ಮೇಲೆ ಒತ್ತಿಟ್ಟುಕೊಂಡಿದ್ದ, ಪುಟ ಮಗುಚುವಾಗಲೂ ಅದನ್ನು ಎತ್ತದೆ ಎಡಗೈಯನ್ನೇ ಚಾಚುತ್ತಿದ್ದ. ಪಕ್ಕದಲ್ಲಿ ಯಾರಾದರೂ ಹಾದುಹೋದರೆ ಹಿಂಬದಿಯನ್ನು ಎದೆಗೆ ಒರಗಿಸಿಕೊಳ್ಳುತ್ತಿದ್ದ. ಹತ್ತು ನಿಮಿಷ ಆದಮೇಲೆ ನನಗೆ ಅರ್ಥವಾಯಿತು. ಮುಂದಿನ ವಾರ ಹೋದಾಗ ಆ ಪ್ರತಿಯ ಮೇಲಿನ ಗುರುತನ್ನು ಉಗುರಿನಿಂದ ಕೆರೆದು ಬಿಳಿಚಿಸಲಾಗಿತ್ತು. ಕೆರೆದವರು ಯಾರೆಂದು ಶಿಕ್ಷಕಿ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಪ್ರಕರಣದ ಮೊದಲ ತಿರುವು ಇದೇ. ಪುಸ್ತಕದಲ್ಲಿ ಮಾಡುವ ಸುಲಭೀಕರಣವೆಲ್ಲ ಒಳಗೆ ಅಡಗಿರಬೇಕು, ಹೊರಗೆ ಕಾಣುವ ಒಂದೇ ಒಂದು ಗುರುತೂ ಇರಬಾರದು ಎಂದು ಅಂದು ತೀರ್ಮಾನಿಸಿದೆವು. ಮಾರಾಟ ವಿಭಾಗದವರು ಒಪ್ಪಲಿಲ್ಲ, ಕೊಳ್ಳುವವರು ಶಿಕ್ಷಕರೇ ಹೊರತು ಮಕ್ಕಳಲ್ಲ ಎಂಬುದು ಅವರ ವಾದ. ಅದು ಹುರುಳಿಲ್ಲದ ವಾದವೇನೂ ಅಲ್ಲ. ಕೊನೆಗೆ ಹಂತದ ವಿವರಗಳನ್ನು ಬೆಲೆಪಟ್ಟಿಗೂ, ಶಿಕ್ಷಕರಿಗೆ ಬೇರೆಯಾಗಿ ಕೊಡುವ ಒಂದು ಹಾಳೆಗೂ ಸಾಗಿಸಿದೆವು. ಅಚ್ಚಾಗಿದ್ದ ಮುಖಪುಟಗಳನ್ನು ರದ್ದು ಮಾಡಿದ್ದರಿಂದ ಸಂಸ್ಥೆಗೆ ನಷ್ಟವಾಯಿತು.

ವಾಕ್ಯದ ಕೆಲಸ

ಮುಖಪುಟದ ತಪ್ಪನ್ನು ತಿದ್ದುವುದು ಒಂದು ದಿನದ ತೀರ್ಮಾನ. ಭಾಷೆಯ ತಪ್ಪುಗಳನ್ನು ತಿದ್ದಲು ಎಂಟು ತಿಂಗಳು ಹಿಡಿಯಿತು.

ನಾಪತ್ತೆಯಾದ ಗೆಳೆಯನ ಕಥೆಯ ಮೊದಲ ಹಸ್ತಪ್ರತಿಯಲ್ಲಿ ಈ ಬಗೆಯ ವಾಕ್ಯಗಳಿದ್ದವು: 'ಬೆಟ್ಟದ ತುದಿಯಲ್ಲಿದ್ದ ಹಳೆಯ ದೀಪಸ್ತಂಭದ ಒಳಗಿನಿಂದ ಕೇಳಿಬರುತ್ತಿದ್ದ ವಿಚಿತ್ರ ಶಬ್ದವನ್ನು ಆಲಿಸುತ್ತಾ ನಿಂತಿದ್ದ ಹುಡುಗನಿಗೆ ಹಿಂದಿನಿಂದ ಯಾರೋ ಬಂದದ್ದು ತಿಳಿಯಲಿಲ್ಲ.' ಇದು ಸೊಗಸಾದ ಕನ್ನಡ. ಆದರೆ ಕನ್ನಡದ ಜಾಯಮಾನದಂತೆ ವಿಶೇಷಣವೆಲ್ಲ ಮುಂದೆ ಬಂದು, ಯಾರ ಕಥೆ ಎಂಬುದು ನಡುವಿನಲ್ಲೂ ಏನಾಯಿತು ಎಂಬುದು ತುತ್ತತುದಿಯಲ್ಲೂ ತಿಳಿಯುತ್ತದೆ. ಒಂದೊಂದು ಅಕ್ಷರವನ್ನೂ ಬಿಡಿಸಿಕೊಂಡು ಬರುವ ಮಗು 'ಹುಡುಗನಿಗೆ' ಎಂಬಲ್ಲಿಗೆ ಮುಟ್ಟುವಷ್ಟರಲ್ಲಿ ಬೆಟ್ಟವನ್ನೂ ದೀಪಸ್ತಂಭವನ್ನೂ ಕೈಬಿಟ್ಟಿರುತ್ತದೆ.

ಹಾಗೆಂದು ನಾನು ಅದನ್ನು ಕತ್ತರಿಸಿದೆ: 'ಬೆಟ್ಟವಿತ್ತು. ದೀಪದ ಕಂಬವಿತ್ತು. ಒಳಗೆ ಸದ್ದು. ಹುಡುಗ ನಿಂತ. ಯಾರೋ ಬಂದರು.' ಇದನ್ನು ಮಕ್ಕಳು ಸರಾಗವಾಗಿ ಓದಿದರು. ಓದಿ ಮುಗಿಸಿದ ಹುಡುಗಿಯೊಬ್ಬಳು, 'ಅಕ್ಕಾ, ಯಾರೋ ಬಂದರೆ ಅವನು ಯಾಕೆ ಓಡಿಹೋಗಲಿಲ್ಲ?' ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಸದ್ದಿಗೆ ಕಿವಿಗೊಟ್ಟಿದ್ದರಿಂದಲೇ ಅವನಿಗೆ ಗೊತ್ತಾಗಲಿಲ್ಲ ಎಂಬ ಕಾರಣದ ಎಳೆಯನ್ನೇ ನಾನು ಕತ್ತರಿಸಿ ಹಾಕಿದ್ದೆ. 'ಅದಕ್ಕೆ', 'ಆದರೆ', 'ಅಷ್ಟರಲ್ಲಿ' ಎಂಬ ಪದಗಳನ್ನು ತೆಗೆದರೆ ವಾಕ್ಯ ಗಿಡ್ಡವಾಗುತ್ತದೆ, ಆ ಪದಗಳು ಮಾಡುತ್ತಿದ್ದ ಕೆಲಸ ಓದುಗನ ತಲೆಯ ಮೇಲೆ ಬೀಳುತ್ತದೆ. ವಾಕ್ಯದ ಉದ್ದವನ್ನಷ್ಟೇ ಎಣಿಸುವ ಸಂಪಾದಕರೆಲ್ಲ ಈ ತಪ್ಪನ್ನು ಮಾಡುತ್ತಾರೆಂದು ನನ್ನ ಅನಿಸಿಕೆ.

ಮೂರನೆಯ ರೂಪ ಹೀಗಾಯಿತು: 'ಹುಡುಗ ಬೆಟ್ಟದ ತುದಿಯಲ್ಲಿ ನಿಂತಿದ್ದ. ಹಳೆಯ ದೀಪದ ಕಂಬದ ಒಳಗೆ ಏನೋ ಸದ್ದು ಕೇಳಿತು. ಅವನು ಕಿವಿಗೊಟ್ಟ. ಅದಕ್ಕೇ ಹಿಂದಿನಿಂದ ಯಾರೋ ಬಂದದ್ದು ಅವನಿಗೆ ಗೊತ್ತಾಗಲಿಲ್ಲ.' ಇಲ್ಲಿ ಯಾರು ಎಂಬುದು ಮೊದಲ ಪದದಲ್ಲೇ ಬರುತ್ತದೆ, ಪ್ರತಿ ವಾಕ್ಯವೂ ಒಂದು ಹೆಜ್ಜೆ ಮುಂದಿಡುತ್ತದೆ, ಕೊನೆಯ ವಾಕ್ಯ ತಕ್ಕಮಟ್ಟಿಗೆ ಉದ್ದವಾಗಿದ್ದರೂ ಅದನ್ನು ಹೊರಲು ಬೇಕಾದದ್ದೆಲ್ಲ ಓದುಗನ ಕೈಯಲ್ಲಿರುತ್ತದೆ. ಇಡೀ ಪುಸ್ತಕವನ್ನು ಈ ಬಗೆಯಲ್ಲಿ ಮತ್ತೆ ಬರೆಯಿರಿ ಎಂದಾಗ ಲೇಖಕರು ಮೊದಲು ನೊಂದುಕೊಂಡರು. ಅವರನ್ನು ಮಕ್ಕಳ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂರಿಸಿದ ಮೇಲೆ, ನಾನು ಕೇಳದೆಯೇ ಅಧ್ಯಾಯಗಳನ್ನು ತಿದ್ದಿ ಕಳಿಸತೊಡಗಿದರು.

ಒತ್ತಕ್ಷರದ ಪ್ರಶ್ನೆ

ಒತ್ತಕ್ಷರವೇ ಕಷ್ಟ ಎಂಬ ನಂಬಿಕೆಯಿಂದ, ಒತ್ತಕ್ಷರವೇ ಇಲ್ಲದ ಒಂದು ಕಥೆಯನ್ನು ಬರೆಸಿ ನೋಡಿದ್ದೆವು. ಅದನ್ನು ನೆನೆದರೆ ಈಗಲೂ ಲೇಖಕರ ತಾಳ್ಮೆಗೆ ತಲೆಬಾಗುತ್ತೇನೆ. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ 'ಅಮ್ಮ', 'ಅಪ್ಪ', 'ಅಜ್ಜಿ' ಎನ್ನಲಾಗದು; ತಾಯಿ, ತಂದೆ ಎನ್ನಬೇಕು, ಹಾಗೆ ಯಾವ ಮಗುವೂ ಮನೆಯಲ್ಲಿ ಕರೆಯುವುದಿಲ್ಲ. 'ಇದ್ದ' ಎನ್ನಲಾಗದು. 'ಮನೆಯಲ್ಲಿ' ಎನ್ನಲಾಗದು. 'ಇಲ್ಲ' ಎಂದು ಕೂಡ ಹೇಳಲಾಗದು. ಆ ಕಥೆಯನ್ನು ಮಕ್ಕಳು ತಡವರಿಸುತ್ತ ಓದಿದರು, ಏಕೆಂದರೆ ಮುಂದಿನ ಪದ ಏನಿರಬಹುದೆಂದು ಅವರ ಕಿವಿ ಊಹಿಸುತ್ತಿದ್ದುದು ಒಂದಾದರೆ ಪುಟದಲ್ಲಿದ್ದುದು ಇನ್ನೊಂದು.

ಆಮೇಲೆ ಮಕ್ಕಳು ಎಡವುವ ಜಾಗಗಳನ್ನೇ ಗುರುತು ಮಾಡತೊಡಗಿದೆವು. ಓದುವಾಗ ನಿಂತುಹೋದ ಕಡೆ ಒಂದು ಚುಕ್ಕೆ ಇಡಿ ಎಂದು ಪ್ರತಿ ಮಗುವಿನ ಕೈಗೂ ಪೆನ್ಸಿಲ್ ಕೊಟ್ಟೆವು, ತಪ್ಪು ಅವರದಲ್ಲ ನಮ್ಮದು, ಅದನ್ನು ಹುಡುಕಿಕೊಡುವುದು ಅವರ ಕೆಲಸ ಎಂದು ಹೇಳಿದೆವು. ಕರಡಚ್ಚಿನ ಹಾಳೆಗಳು ತುಂಬ ಪಾಠ ಹೇಳಿದವು. ಅಮ್ಮ, ಬೆಟ್ಟ, ಗೊತ್ತು, ಇಲ್ಲಿ ಮುಂತಾದ ಸಜಾತಿ ಒತ್ತಕ್ಷರಗಳ ಬಳಿ ಚುಕ್ಕೆಗಳೇ ಇರಲಿಲ್ಲ ಎನ್ನಬಹುದು. ಸ್ತಂಭ, ವಿಚಿತ್ರ, ಶಬ್ದ ಎಂಬಂಥ ವಿಜಾತಿ ಒತ್ತಕ್ಷರಗಳ ಸುತ್ತ ಚುಕ್ಕೆಗಳು ಕಿಕ್ಕಿರಿದಿದ್ದವು. ಮೇಲೆ ಕೊಟ್ಟ ಮೂರನೆಯ ರೂಪದಲ್ಲಿ ಒತ್ತಕ್ಷರಗಳು 9 ಇವೆ, ಎಲ್ಲವೂ ಸಜಾತಿಯವು.

ಎಲ್ಲಕ್ಕಿಂತ ಹೆಚ್ಚು ಚುಕ್ಕೆ ಬಿದ್ದದ್ದು ಅರ್ಕಾವೊತ್ತಿನ ಬಳಿ. ಉಚ್ಚಾರದಲ್ಲಿ ಮೊದಲು ಬರುವ 'ರ್' ಬರಹದಲ್ಲಿ ಮುಂದಿನ ಅಕ್ಷರದ ಬೆನ್ನಿಗೆ ಅಂಟಿಕೊಂಡಿರುವುದರಿಂದ 'ಸೂರ್ಯ' ಎಂಬುದನ್ನು 'ಸೂಯರ್' ಎಂದು ಓದಿದವರು ಹಲವರು. ಇದು ಸಂಭಾಷಣೆಯಲ್ಲಿ ನಮ್ಮನ್ನು ಇಕ್ಕಟ್ಟಿಗೆ ಸಿಲುಕಿಸಿತು. 'ಬರುತ್ತೇನೆ' ಎಂದು ಬರೆದರೆ ಕಣ್ಣಿಗೆ ಸುಲಭ, ಕಿವಿಗೆ ಪಠ್ಯಪುಸ್ತಕದಂತೆ. 'ಬರ್ತೀನಿ' ಎಂದರೆ ಕಿವಿಗೆ ಹತ್ತಿರ, ಕಣ್ಣಿಗೆ ಅರ್ಕಾವೊತ್ತಿನ ಮುಳ್ಳು. ಮಾತಿನ ಜೀವ ಉಳಿಯಲೇಬೇಕೆಂದು ಆಡುಮಾತನ್ನೇ ಆರಿಸಿಕೊಂಡು, 'ರ' ಅಕ್ಷರವನ್ನು ಪೂರ್ತಿ ಬರೆದು ಕೆಳಗೆ 'ತ'ದ ಒತ್ತು ಕೊಡುವ ಬಗೆಯಲ್ಲಿ, ಅಂದರೆ 'ಬರ‍್ತೀನಿ' ಎಂದು ಅಕ್ಷರ ಜೋಡಿಸಿದೆವು. ಡಿಟಿಪಿ ಮಾಡುವವರು ಇದನ್ನು ತಪ್ಪೆಂದು ತಿಳಿದು ಎರಡು ಸಲ 'ಸರಿಪಡಿಸಿದ್ದರು'. ಕಾರಣ ವಿವರಿಸಿದ ಮೇಲೆ ಅವರೇ ಉಳಿದ ಪುಟಗಳಲ್ಲಿ ಇಂಥ ಜಾಗಗಳನ್ನು ಹುಡುಕಿಕೊಟ್ಟರು.

ಪುಟ ಮತ್ತು ಕಾಗದ

ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಾಗಿದ್ದರೂ ಅಕ್ಷರ ಬಿಡಿಸಿ ಓದುವುದು ಕಷ್ಟವಾಗುವ ತೊಂದರೆ, ಇರುವವರಿಗೆಂದೇ ರೂಪಿಸಿದ ಇಂಗ್ಲಿಷ್ ಫಾಂಟ್‌ಗಳಿಂದ ಓದು ಸುಧಾರಿಸುತ್ತದೆ ಎಂಬ ಮಾತು ಜನಪ್ರಿಯವಾಗಿದೆ. ಅಂಥ ಫಾಂಟ್‌ಗಳನ್ನು ಪರೀಕ್ಷಿಸಿದ ಹಲವು ಅಧ್ಯಯನಗಳು ಅದನ್ನು ಎತ್ತಿಹಿಡಿದಿಲ್ಲ. 2012ರಲ್ಲಿ ಇಟಲಿ ಮತ್ತು ಫ್ರಾನ್ಸಿನ ಡಿಸ್ಲೆಕ್ಸಿಯಾ ಇರುವ ಮಕ್ಕಳೊಡನೆ ನಡೆದ ಅಧ್ಯಯನದಲ್ಲಿ ನೆರವಿಗೆ ಬಂದದ್ದು ಅಕ್ಷರಗಳ ನಡುವಣ ಅಂತರ. ಹಾಗಾಗಿ ಹೊಸ ಫಾಂಟ್ ಹುಡುಕುವ ಬದಲು ಅಂತರದ ಕಡೆಗೆ ಗಮನ ಕೊಟ್ಟೆವು. ಕನ್ನಡದಲ್ಲಿ ಸಾಲುಗಳ ನಡುವಿನ ಅಂತರಕ್ಕೆ ವಿಶೇಷ ಮಹತ್ವವಿದೆ: ಮೇಲಿನ ಸಾಲಿನ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೆ ಏರುತ್ತದೆ, ಎರಡೂ ಒಂದಕ್ಕೊಂದು ತಗುಲಿದರೆ ಆ ಒತ್ತು ಯಾವ ಸಾಲಿನದು ಎಂದು ಎಳೆಯ ಕಣ್ಣಿಗೆ ತಿಳಿಯುವುದಿಲ್ಲ. 14 ಪಾಯಿಂಟ್ ಅಕ್ಷರಕ್ಕೆ 24 ಪಾಯಿಂಟ್ ಸಾಲಂತರ ಕೊಟ್ಟೆವು. ಬಲ ಅಂಚನ್ನು ಸಮ ಮಾಡಲಿಲ್ಲ. ಸಾಲಿನ ಕೊನೆಯಲ್ಲಿ ಪದವನ್ನು ತುಂಡರಿಸಲಿಲ್ಲ, ಸಾಧ್ಯವಾದಲ್ಲೆಲ್ಲ ಮಾತು ಸಹಜವಾಗಿ ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಸಾಲು ಮುರಿದೆವು. ಹಿಂಬದಿಯ ಅಚ್ಚು ಈ ಬದಿಗೆ ಇಣುಕದಂತೆ ಕೆನೆಬಣ್ಣದ ದಪ್ಪ ಕಾಗದ ಬಳಸಿದೆವು.

ದಪ್ಪ ಕಾಗದಕ್ಕೆ ಇನ್ನೊಂದು ಕಾರಣವೂ ಇತ್ತು. ಕಥೆಯ ಉದ್ದ ಸುಮಾರು 5,000 ಪದ. ತೆಳು ಕಾಗದದಲ್ಲಿ ಅಚ್ಚಾದರೆ ಅದು ಪಿನ್ ಹೊಡೆದ ಕಿರುಹೊತ್ತಗೆ. ದಪ್ಪ ಕಾಗದದ 80 ಪುಟಗಳಾದರೆ ಅದಕ್ಕೆ ಬೆನ್ನು ಬರುತ್ತದೆ, ಬೆನ್ನಿನ ಮೇಲೆ ಹೆಸರು ಬರುತ್ತದೆ, ಕಪಾಟಿನಲ್ಲಿ ಅದು ಗೆಳೆಯರು ಓದುವ ಕಾದಂಬರಿಗಳ ಪಕ್ಕದಲ್ಲಿ ನೆಟ್ಟಗೆ ನಿಲ್ಲುತ್ತದೆ.

ಆದದ್ದೇನು

ಮೂರು ಪುಸ್ತಕಗಳೂ ಅಚ್ಚಾಗಿ, ಪರೀಕ್ಷೆ ನಡೆಸಿದ ಶಾಲೆಯೂ ಸೇರಿ ಐದು ಗ್ರಂಥಾಲಯಗಳಿಗೆ ಹೋದವು. ಮೊದಲ ವರ್ಷ ಮಾರಾಟ ನಿಧಾನವಾಗಿತ್ತು, ಮಾರಾಟ ವಿಭಾಗದವರು ಹೆದರಿದ್ದಂತೆಯೇ ಇವು ಯಾರಿಗಾಗಿ ಎಂಬುದು ಹಲವು ಶಿಕ್ಷಕರಿಗೆ ತಿಳಿಯಲಿಲ್ಲ. ಶಿಕ್ಷಕರ ಹಾಳೆಯನ್ನು ಚಿಕ್ಕದು ಮಾಡಿ, ಪುಸ್ತಕದ ಒಂದು ಪುಟವನ್ನೇ ಅದರಲ್ಲಿ ಮಾದರಿಯಾಗಿ ಅಚ್ಚು ಹಾಕಿದ ಮೇಲೆ ಪರಿಸ್ಥಿತಿ ಸುಧಾರಿಸಿತು, ಎರಡನೆಯ ವರ್ಷದಲ್ಲಿ ಮರುಮುದ್ರಣವಾಯಿತು. ಅನಿರೀಕ್ಷಿತವಾದದ್ದೆಂದರೆ, ಚೆನ್ನಾಗಿ ಓದುವ ಮಕ್ಕಳೂ ದೆವ್ವದ ಕಥೆಗಾಗಿ ಸರದಿ ಹಚ್ಚಿದರು. ಇದರಿಂದ ನಮ್ಮ ಓದುಗರಿಗೆ ಆದ ಉಪಕಾರ ನಾವು ಮಾಡಿದ ಯಾವ ವಿನ್ಯಾಸಕ್ಕಿಂತಲೂ ದೊಡ್ಡದು. ತರಗತಿಯ ಜಾಣ ಹುಡುಗಿ ಓದುವ ಪುಸ್ತಕವನ್ನು ಹಿಡಿದು ಕೂರಲು ಯಾರೂ ನಾಚುವುದಿಲ್ಲ.

'ಮ' ದೆವ್ವದ ಕಥೆಯನ್ನು ಮುಗಿಸಿದ. ಮುಗಿಸಲು 19 ದಿನ ತೆಗೆದುಕೊಂಡ, ಮುಗಿಸಿದ ದಿನ ಶಿಕ್ಷಕಿಯ ಮೇಜಿನ ಮೇಲೆ ಪುಸ್ತಕವಿಟ್ಟು, 'ಮಿಸ್, ಇದರ ಎರಡನೇ ಭಾಗ ಯಾವಾಗ ಬರುತ್ತೆ?' ಎಂದು ಕೇಳಿದನಂತೆ. ಇದೇ ಹೊತ್ತಿನಲ್ಲಿ ಇನ್ನೊಬ್ಬ ಹುಡುಗನಿಗೆ ನಮ್ಮ ಪುಸ್ತಕಗಳಿಂದ ಏನೂ ಆಗಲಿಲ್ಲ ಎಂಬುದನ್ನೂ ಬರೆಯಲೇಬೇಕು. ಅವನಿಗೆ ಕಾಗುಣಿತವೇ ಪೂರ್ತಿ ಬಂದಿರಲಿಲ್ಲ. ಎರಡನೆಯ ಪುಟದಲ್ಲೇ ಅವನ ಚುಕ್ಕೆಗಳು ಸಾಲುಸಾಲಾಗಿ ನಿಂತವು, ಮೂರನೆಯ ಪುಟದಲ್ಲಿ ಚುಕ್ಕೆಗಳೇ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಪಕ್ಕದಲ್ಲಿ ಕುಳಿತು ಅಕ್ಷರ ಕಲಿಸುವ ಒಬ್ಬ ಶಿಕ್ಷಕ. ಆಗಲೇ ಬಿಡಿಬಿಡಿಯಾಗಿ ಓದಬಲ್ಲ ಮಗುವಿಗೆ ನಮ್ಮಂಥ ಪುಸ್ತಕ ಓಟ ಕಲಿಸಬಹುದು, ನಡಿಗೆಯೇ ಬಾರದ ಮಗುವಿಗೆ ಅದು ಪಾಠದ ಬದಲಿಯಾಗದು. ಇದನ್ನು ಶಿಕ್ಷಕರ ಹಾಳೆಯ ಮೊದಲ ಸಾಲಾಗಿ ಅಚ್ಚು ಹಾಕಿದ್ದೇವೆ. ಕೇವಲ ಒಳ್ಳೆಯ ಕಥೆ ಕೊಟ್ಟರೆ ಎಲ್ಲ ಮಕ್ಕಳೂ ಓದುತ್ತಾರೆ ಎಂದು ಹೇಳಿಕೊಂಡು ಪುಸ್ತಕ ಮಾರುವುದು ಆ ಹುಡುಗನಿಗೆ ಬಗೆಯುವ ದ್ರೋಹ.

ಎರಡನೆಯ ಮುದ್ರಣಕ್ಕೆ ಮುಂಚೆ ಗ್ರಂಥಾಲಯಗಳಿಂದ ಸವೆದ ಪ್ರತಿಗಳನ್ನು ವಾಪಸ್ ತರಿಸಿಕೊಂಡು ಹೊಸವನ್ನು ಕೊಟ್ಟೆವು. ಸವೆದ ಪುಸ್ತಕವನ್ನು ಮುಚ್ಚಿ ಪುಟಗಳ ಅಂಚನ್ನು ಬೆಳಕಿಗೆ ಹಿಡಿದರೆ, ಬೆರಳಿನ ಕೊಳೆ ಎಲ್ಲಿಯವರೆಗೆ ಹತ್ತಿದೆ, ಎಲ್ಲಿಂದ ಕಾಗದ ಹೊಸದಾಗಿಯೇ ಉಳಿದಿದೆ ಎಂಬುದು ಒಂದು ಗೆರೆಯಂತೆ ಕಾಣುತ್ತದೆ. ದೆವ್ವದ ಕಥೆಯ ಪ್ರತಿಗಳು ಕೊನೆಯ ಪುಟದವರೆಗೂ ಕಂದಾಗಿದ್ದವು. ನಾಪತ್ತೆಯಾದ ಗೆಳೆಯನ ಕಥೆಯಲ್ಲಿಯೂ ಬಹುಪಾಲು ಹಾಗೆಯೇ. ತಂಡದ ಕಥೆಯ ಏಳು ಪ್ರತಿಗಳಲ್ಲಿ ಐದರ ಗೆರೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, 46ನೆಯ ಪುಟದ ಆಸುಪಾಸಿನಲ್ಲಿ ನಿಂತಿತ್ತು. ಅಲ್ಲಿ ತರಬೇತುದಾರ ತನ್ನ ಬಾಲ್ಯವನ್ನು ನಾಲ್ಕು ಪುಟಗಳಷ್ಟು ನೆನೆಯುತ್ತಾನೆ. ಅದು ಲೇಖಕರಿಗೂ ನನಗೂ ತುಂಬ ಇಷ್ಟವಾದ ಭಾಗ. ಆ ಅಧ್ಯಾಯವನ್ನು ಈಗ ಮತ್ತೆ ಬರೆಯಲಾಗುತ್ತಿದೆ, ಹೊಸ ಕರಡಿನಲ್ಲಿ 46ನೆಯ ಪುಟಕ್ಕೆ ಆಟವೇ ಶುರುವಾಗುತ್ತದೆ.